ಚಂದ್ರನವರೆಗೂ ಹೋದ ಸುದ್ದಿ



1969ರ ಜುಲೈ 20. ಅಪೊಲೊ 11 ನೌಕೆ ಚಂದ್ರನ ಸುತ್ತ ಸುತ್ತುತ್ತಾ ಇದೆ. ಇನ್ನು ಕೆಲವು ಗಂಟೆ ಕಳೆದರೆ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನ ನೆಲಕ್ಕೆ ಇಳಿಯಬೇಕು. ಅಂಥ ಹೊತ್ತಿನಲ್ಲಿ ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದವರು ಆ ಗಗನಯಾತ್ರಿಗಳಿಗೆ ಭೂಮಿಯ ಸುದ್ದಿ ಓದಿ ಹೇಳಿದರು. ಹೌದು, ನ್ಯೂಸ್ ಬುಲೆಟಿನ್ನೇ. ನಾವಿಲ್ಲಿ ದಿನಾ ಓದೋ ಹಾಗೆ. ಅದರಲ್ಲಿ ಒಂದು ಸುದ್ದಿ: ಮಯಾಮಿ ಬೀಚ್‌ನಲ್ಲಿ ನಿನ್ನೆ ರಾತ್ರಿ ಫಿಲಿಪ್ಪೀನ್ಸ್‌ನ ಗ್ಲೋರಿಯಾ ಡಿಯಾಜ್ ಮಿಸ್ ಯೂನಿವರ್ಸ್ ಆಗಿದ್ದಾಳೆ. 60 ಹುಡುಗಿಯರನ್ನು ಹಿಂದೆ ಹಾಕಿದ್ದಾಳೆ. ವಯಸ್ಸು 18. ಕಪ್ಪು ಕೂದಲು, ಕಪ್ಪು ಕಣ್ಣು. ಆಮೇಲೆ? ಆಮೇಲೆ ಮೈಯ ಅಳತೆ. ಎದೆ ಇಷ್ಟು, ಸೊಂಟ ಇಷ್ಟು, ಅರ್ಧ ಇಂಚನ್ನೂ ಬಿಡದೆ.

ಯೋಚನೆ ಮಾಡಿ. ಭೂಮಿಯಿಂದ ಸುಮಾರು 3 ಲಕ್ಷದ 80 ಸಾವಿರ ಕಿಲೋಮೀಟರ್ ದೂರ ಹೋಗಿರುವ ಮನುಷ್ಯರಿಗೆ ಒಬ್ಬ ಹುಡುಗಿಯ ಬಗ್ಗೆ ಹೇಳಬೇಕು ಅಂತ ನಮ್ಮ ಭೂಮಿಗೆ ಅನ್ನಿಸಿದ್ದು ಇದು. ಅವಳೇನು ಓದಿದ್ದಾಳೆ, ಏನು ಮಾತಾಡಿದಳು, ಅವಳ ದೇಶ ಹೇಗಿದೆ, ಅದೆಲ್ಲ ಬೇಕಿರಲಿಲ್ಲ. ಟೇಪ್ ಹಿಡಿದು ಅಳೆದದ್ದು ಮಾತ್ರ ಚಂದ್ರನ ತನಕ ಹೋಯಿತು.

ಇವತ್ತು ನಾನು ಹೇಳಬೇಕು ಅಂತಿರೋದು ಆ ಹುಡುಗಿಯ ಕಥೆ. ಕಿರೀಟ ಇದ್ದದ್ದು ಒಂದೇ ಒಂದು ವರ್ಷ. ಅದಾದ ಮೇಲೆ ಐವತ್ತು ವರ್ಷ ಆಕೆ ಏನು ಮಾಡಿದರು? ನಮಗೆ ಆ ಕಥೆ ಗೊತ್ತಿಲ್ಲ. ಫಿಲಿಪ್ಪೀನ್ಸ್‌ನವರಿಗೆ ಚೆನ್ನಾಗಿ ಗೊತ್ತು.

ಮೊದಲು ಆ ರಾತ್ರಿಯ ಮಾತು ಮುಗಿಸಿಬಿಡೋಣ. ಸೌಂದರ್ಯ ಸ್ಪರ್ಧೆಗಳಲ್ಲಿ ಕೊನೆಗೆ ಒಂದು ಪ್ರಶ್ನೆ ಕೇಳ್ತಾರಲ್ಲ, ಜುಲೈ 19ರ ರಾತ್ರಿಯೂ ಕೇಳಿದರು. ನಿರೂಪಕ ಬಾಬ್ ಬಾರ್ಕರ್. ಇಡೀ ಜಗತ್ತಿನ ಬಾಯಲ್ಲಿ ಚಂದ್ರನದೇ ಮಾತು, ಹಾಗಾಗಿ ಪ್ರಶ್ನೆಯೂ ಚಂದ್ರನದ್ದೇ. ಚಂದ್ರಲೋಕದ ಮನುಷ್ಯ ಒಬ್ಬ ನಿಮ್ಮ ಊರಿಗೆ ಬಂದಿಳಿದರೆ ಅವನನ್ನು ಹೇಗೆ ರಂಜಿಸ್ತೀರಿ ಅಂತ. ಬೇರೆ ಯಾರಾದರೂ ಆಗಿದ್ದರೆ ವಿಶ್ವಶಾಂತಿ, ಮನುಕುಲ, ಅತಿಥಿ ಸತ್ಕಾರ ಅಂತ ಶುರು ಮಾಡ್ತಿದ್ದರು. ಈ ಹುಡುಗಿ ಹೇಳಿದ್ದರ ಸಾರಾಂಶ ಇಷ್ಟೇ: ನಾನು ಮಾಮೂಲಿಯಾಗಿ ಮಾಡೋದನ್ನೇ ಮಾಡ್ತೀನಿ, ಅಷ್ಟು ದಿನ ಚಂದ್ರನ ಮೇಲಿದ್ದವನಿಗೆ ಇಲ್ಲಿಗೆ ಬಂದಾಗ ಒಂದು ಬದಲಾವಣೆ ಸಾಕಲ್ವಾ?

ಜನ ನಕ್ಕರು, ಚಪ್ಪಾಳೆ ಹೊಡೆದರು. ಆ ಉತ್ತರದಲ್ಲಿ ಯಾರನ್ನೂ ಮೆಚ್ಚಿಸುವ ಆತುರ ಇಲ್ಲ ಅನ್ನೋದನ್ನು ಗಮನಿಸಿ. ಈ ಸ್ವಭಾವ ಆಕೆಯನ್ನು ಕೊನೆತನಕ ಕಾಪಾಡಿತು. ಒಂದು ಸಲ ಚೆನ್ನಾಗಿ ಕಷ್ಟಕ್ಕೂ ಸಿಕ್ಕಿಸಿತು, ಅದನ್ನು ಆಮೇಲೆ ಹೇಳ್ತೀನಿ.

ಮಿಸ್ ಯೂನಿವರ್ಸ್ ಆದ ಮೊದಲ ಫಿಲಿಪ್ಪೀನಾ ಈಕೆ. ಆ ದೇಶದಲ್ಲಿ ಇದು ಎಂಥಾ ಸಂಗತಿ ಅಂತ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುನ್ನೂರು ಚಿಲ್ಲರೆ ವರ್ಷ ಸ್ಪೇನ್ ಆಳಿದ ದೇಶ ಅದು. 1898ರಲ್ಲಿ ಸ್ಪೇನ್‌ನವರು ಹೋದರು, ಅಮೆರಿಕದವರು ಬಂದು ಕೂತರು. 1908ರಲ್ಲಿ ಮನಿಲಾ ಕಾರ್ನಿವಲ್ ಅಂತ ಒಂದು ದೊಡ್ಡ ಉತ್ಸವ ಶುರುವಾಯಿತು, ಅದಕ್ಕೊಬ್ಬ ರಾಣಿಯ ಆಯ್ಕೆಯೂ ಶುರುವಾಯಿತು. ಇನ್ನು ಹಳ್ಳಿಗಳಲ್ಲಿ ಮೇ ತಿಂಗಳು ಬಂತು ಅಂದರೆ ಮೇರಿಮಾತೆಯ ಹಬ್ಬ, ಮೆರವಣಿಗೆ. ಊರಿನ ಹುಡುಗಿಯರು ರಾಣಿಯರ ವೇಷ ಹಾಕಿ ಬೀದಿಯಲ್ಲಿ ನಡೀತಾರೆ, ತಲೆ ಮೇಲೆ ಹೂವಿನ ಕಮಾನು ಹಿಡಿದುಕೊಂಡು ಹುಡುಗರು ಜೊತೆಗೆ ಹೋಗ್ತಾರೆ. ನಮ್ಮ ಊರಹಬ್ಬದಲ್ಲಿ ಉತ್ಸವಮೂರ್ತಿಗೆ ಇರುವಷ್ಟೇ ಸಡಗರ ಅಲ್ಲಿ ಆ ಹುಡುಗಿಗೆ. ಹೀಗಾಗಿ ಸೌಂದರ್ಯ ಸ್ಪರ್ಧೆ ಅನ್ನೋದು ಅವರಿಗೆ ಟಿವಿಯಿಂದ ಬಂದದ್ದಲ್ಲ, ಬೀದಿಯಲ್ಲೇ ಇತ್ತು. 1964ರಲ್ಲಿ ಬಿನಿಬಿನಿಂಗ್ ಪಿಲಿಪಿನಾಸ್ ಅನ್ನುವ ರಾಷ್ಟ್ರೀಯ ಸ್ಪರ್ಧೆ ಶುರುವಾಯಿತು. ಶುರು ಮಾಡಿದ್ದು ಕೊಲಂಬಿಯಾದಿಂದ ಸೊಸೆಯಾಗಿ ಬಂದಿದ್ದ ಸ್ಟೆಲ್ಲಾ ಮಾರ್ಕೆಜ್ ಅರಾನೆಟಾ. ಆಕೆ ಸ್ವತಃ ಮೊಟ್ಟಮೊದಲ ಮಿಸ್ ಇಂಟರ್‌ನ್ಯಾಷನಲ್. ಅದೇ ಸ್ಪರ್ಧೆಯಿಂದ ಗ್ಲೋರಿಯಾ ಮಯಾಮಿಗೆ ಹೋದದ್ದು.

ಇನ್ನೊಂದು ವಿಷಯ. ಬಣ್ಣ. ಗ್ಲೋರಿಯಾ ಡಿಯಾಜ್ ಗೋಧಿ ಬಣ್ಣದ ಹುಡುಗಿ. ಅವರ ಭಾಷೆಯಲ್ಲಿ ಮೊರೇನಾ ಅಂತಾರೆ. ಅಲ್ಲಿನ ಸಿನಿಮಾದಲ್ಲಿ ಆಗ ನಾಯಕಿ ಅಂದರೆ ಮೆಸ್ತೀಸಾ, ಅಂದರೆ ಯುರೋಪಿನ ರಕ್ತ ಬೆರೆತ, ಬೆಳ್ಳಗಿನ, ಚೂಪು ಮೂಗಿನ ಹುಡುಗಿ. ಆಳಿದವರ ಮುಖ ಹೋಲುವವರು ಪರದೆಯ ಮೇಲೆ, ಬಾಕಿಯವರು ಪರದೆಯ ಮುಂದೆ. ನೋರಾ ಔನೋರ್ ಅನ್ನುವ ಬಡ ಮನೆಯ ಕಪ್ಪು ಹುಡುಗಿ ಹಾಡುತ್ತಾ ಬಂದು ಆ ಗೋಡೆಗೆ ಮೊದಲ ಏಟು ಕೊಟ್ಟಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಂಥ ದೇಶದ ಮೊರೇನಾ ಹುಡುಗಿಯೊಬ್ಬಳನ್ನು ಅಮೆರಿಕದವರೇ ಕರೆದು ಜಗತ್ತಿನಲ್ಲೇ ಚೆಲುವೆ ಅಂದರು! ಮನೆಯವರ ಕಣ್ಣಿಗೆ ಕಾಣದ ಚೆಲುವು ಪಕ್ಕದ ಮನೆಯವರು ಹೇಳಿದ ಮೇಲೆ ಕಾಣಿಸುತ್ತೆ. ಫೇರ್‌ನೆಸ್ ಕ್ರೀಮ್ ಮಾರಿ ಮಾರಿ ಕೋಟಿ ಮಾಡಿದ ದೇಶದಲ್ಲಿ ಕೂತು ನಾವು ಅವರನ್ನು ನೋಡಿ ನಗೋ ಹಾಗಿಲ್ಲ.

ಸರಿ, ವರ್ಷ ಕಳೀತು, ಕಿರೀಟ ಬೇರೆಯವರ ತಲೆಗೆ ಹೋಯ್ತು. ದೇಶದ ಪರಿಸ್ಥಿತಿಯೂ ಬದಲಾಯಿತು. 1972ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಮಿಲಿಟರಿ ಕಾನೂನು ಹೇರಿದರು. ಪತ್ರಿಕೆಗಳಿಗೆ ಬೀಗ, ಟಿವಿ ಕೇಂದ್ರಗಳಿಗೆ ಬೀಗ, ವಿರೋಧಿಗಳಿಗೆ ಜೈಲು. ಮೂರು ವರ್ಷದ ನಂತರ ನಮ್ಮಲ್ಲಿ ಬಂದ ತುರ್ತು ಪರಿಸ್ಥಿತಿ ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳೋದು ಬೇಕಿಲ್ಲ. ವ್ಯತ್ಯಾಸ ಏನಂದರೆ ನಮ್ಮಲ್ಲಿ 21 ತಿಂಗಳಿಗೆ ಮುಗೀತು, ಅವರಲ್ಲಿ ಮಾರ್ಕೋಸ್ ಕುರ್ಚಿ ಬಿಟ್ಟು ಓಡಿದ್ದು 1986ರಲ್ಲಿ.

ಆ ಮಾರ್ಕೋಸ್ ಅವರ ಹೆಂಡತಿ ಇಮೆಲ್ಡಾ. ಚಪ್ಪಲಿ ಇಮೆಲ್ಡಾ ಅಂದರೆ ನಿಮಗೆ ತಕ್ಷಣ ನೆನಪಾಗುತ್ತೆ. ಆದರೆ ಆಕೆಯೂ ಒಂದು ಕಾಲದಲ್ಲಿ ಸೌಂದರ್ಯ ಸ್ಪರ್ಧೆಯ ಹುಡುಗಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1953ರಲ್ಲಿ ಮಿಸ್ ಮನಿಲಾ ಸ್ಪರ್ಧೆಯಲ್ಲಿ ಸೋತರು. ಸುಮ್ಮನಿರಲಿಲ್ಲ, ನೇರ ಮೇಯರ್ ಹತ್ತಿರ ಹೋಗಿ ದೂರು ಹೇಳಿಕೊಂಡರು. ಆ ಮೇಯರ್ ಸಮಾಧಾನಕ್ಕೆ ಅಂತ ಮನಿಲಾದ ಮ್ಯೂಸ್ ಅನ್ನುವ ಬಿರುದು ಕೊಟ್ಟು ಕಳಿಸಿದರು. ಅದೇ ಇಮೆಲ್ಡಾ 1974ರಲ್ಲಿ ಇಡೀ ಮಿಸ್ ಯೂನಿವರ್ಸ್ ಸ್ಪರ್ಧೆಯನ್ನೇ ಮನಿಲಾಕ್ಕೆ ತರಿಸಿಕೊಂಡರು. ಏಷ್ಯಾದಲ್ಲಿ ಅದೇ ಮೊದಲು. ಅದಕ್ಕೋಸ್ಕರ ಒಂದು ದೊಡ್ಡ ರಂಗಮಂದಿರವನ್ನು 77 ದಿನದಲ್ಲಿ ಕಟ್ಟಿಸಿದರು. ಜೈಲಿನಲ್ಲಿ ಸಾವಿರಾರು ಜನ, ವೇದಿಕೆಯ ಮೇಲೆ ಜಗತ್ತಿನ ಚೆಲುವೆಯರು. ಕ್ಯಾಮೆರಾ ಯಾವ ಕಡೆ ತಿರುಗಬೇಕು ಅನ್ನೋದು ಅಧಿಕಾರದಲ್ಲಿ ಇದ್ದವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1974ರಲ್ಲಿ ಗ್ಲೋರಿಯಾ ಡಿಯಾಜ್ ಸಿನಿಮಾಕ್ಕೆ ಬಂದರು. ನಿರ್ದೇಶಕ ಸೆಲ್ಸೋ ಆಡ್ ಕಾಸ್ಟಿಲ್ಲೋ. ಚಿತ್ರದ ಹೆಸರು ಟಗಲಾಗ್ ಭಾಷೆಯಲ್ಲಿ ಉದ್ದವಾಗಿದೆ, ಅರ್ಥ ಹೇಳ್ತೀನಿ: ಭೂಮಿಯ ಮೇಲಿನ ಅತಿ ಸುಂದರ ಪ್ರಾಣಿ. ಹೌದು, ಪ್ರಾಣಿ. ಆ ಪೋಸ್ಟರ್ ಮೇಲಿನ ಮುಖ ವಿಶ್ವಸುಂದರಿಯದ್ದು.

ಇಲ್ಲೊಂದು ತಮಾಷೆ ಇದೆ, ಬೇಸರದ ತಮಾಷೆ. ಮಿಲಿಟರಿ ಕಾನೂನು ಬರುವ ಮೊದಲು ಅಲ್ಲಿ ಬೊಂಬಾ ಅನ್ನುವ ಬೆತ್ತಲೆ ಚಿತ್ರಗಳ ಹಾವಳಿ ಇತ್ತು. ಸರ್ಕಾರ ನೀತಿ, ಶಿಸ್ತು, ಹೊಸ ಸಮಾಜ ಅಂತ ಹೇಳಿ ಅದನ್ನು ನಿಲ್ಲಿಸಿತು. ಮೈಮೇಲೆ ಬಟ್ಟೆ ಇರಲೇಬೇಕು ಅಂತ ಆಯ್ತು. ಸಿನಿಮಾದವರು ಕೈಕಟ್ಟಿ ಕೂರ್ತಾರಾ? ತೆಳ್ಳನೆಯ ಬಿಳಿ ಒಳಉಡುಪು ಉಡಿಸಿದರು, ಸಮುದ್ರಕ್ಕೆ ಇಳಿಸಿದರು. ಬಟ್ಟೆ ಇದೆ, ಸೆನ್ಸಾರ್‌ಗೆ ಹೇಳೋಕೆ ಏನೂ ಇಲ್ಲ. ಕಾಣೋದು ಕಾಣುತ್ತೆ. ಇದಕ್ಕೆ ವೆಟ್ ಲುಕ್ ಅಂತ ಹೆಸರೇ ಬಿತ್ತು. ಗ್ಲೋರಿಯಾ ಅವರ ಆ ಚಿತ್ರದಿಂದ ಶುರುವಾದ ಈ ಗೀಳು ವರ್ಷಗಟ್ಟಲೆ ನಡೀತು. ಕಾನೂನು ಬಿಗಿಯಾದಷ್ಟೂ ಬಟ್ಟೆ ಒದ್ದೆಯಾಯಿತು. ನಮ್ಮ ಸಿನಿಮಾಗಳ ಮಳೆ ಹಾಡುಗಳ ಕಥೆಯೂ ಬೇರೆ ಏನಲ್ಲ ಬಿಡಿ.

ಇಲ್ಲಿಗೆ ಕಥೆ ನಿಂತುಹೋಗಬಹುದಿತ್ತು. ನಿಲ್ಲುವುದೇ ರೂಢಿ. ಕಿರೀಟ, ಒಂದೆರಡು ಸಿನಿಮಾ, ಒದ್ದೆ ಬಟ್ಟೆ, ಒಂದು ಶ್ರೀಮಂತ ಮದುವೆ, ಆಮೇಲೆ ರಿಬ್ಬನ್ ಕತ್ತರಿಸೋ ಕೆಲಸ. ಎಷ್ಟು ಜನ ಹೀಗೆ ಬಂದು ಹೋಗಿಲ್ಲ?

1976ರಲ್ಲಿ ಎಡ್ಡಿ ರೊಮೆರೋ ಅನ್ನುವ ದೊಡ್ಡ ನಿರ್ದೇಶಕ ಒಂದು ಚಿತ್ರ ಮಾಡಿದರು. ಹೆಸರಿನ ಅರ್ಥ: ಆಗ ನಾವು ಹೀಗಿದ್ದೆವು, ಈಗ ನೀವು ಹೇಗಿದ್ದೀರಿ? ಕಥೆ ನಡೆಯೋದು ಸ್ಪೇನ್ ಹೊರಡುವ, ಅಮೆರಿಕ ಬರುವ ಆ ಸಂಧಿಕಾಲದಲ್ಲಿ. ಕುಲಾಸ್ ಅಂತ ಒಬ್ಬ ಮುಗ್ಧ ಹಳ್ಳಿ ಹುಡುಗ ಊರು ಬಿಟ್ಟು ಹೊರಟು, ಕ್ರಾಂತಿ, ಯುದ್ಧ, ಮೋಸ ಎಲ್ಲದರ ಮಧ್ಯೆ ಸಿಕ್ಕಿಹಾಕಿಕೊಳ್ತಾನೆ. ಫಿಲಿಪ್ಪೀನೋ ಅಂದರೆ ಯಾರು ಅನ್ನುವ ಪ್ರಶ್ನೆ ಅವನ ಹಿಂದೆಯೇ ನಡೀತಾ ಬರುತ್ತೆ. ದಾರಿಯಲ್ಲಿ ಒಂದು ನಾಟಕ ಕಂಪನಿ ಸಿಗುತ್ತೆ. ಅದರ ನಟಿ ಡಿಡಿಂಗ್. ಹುಡುಗ ಅವಳಿಗೆ ಮನಸೋಲ್ತಾನೆ. ಆ ಡಿಡಿಂಗ್ ಪಾತ್ರ ಗ್ಲೋರಿಯಾ ಡಿಯಾಜ್ ಅವರದ್ದು.

ಗುಬ್ಬಿ ಕಂಪನಿಯ ಕಾಲದ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಪಾತ್ರ ತಕ್ಷಣ ಅರ್ಥ ಆಗುತ್ತೆ. ಎಲ್ಲರೂ ಕಣ್ಣು ನೆಟ್ಟು ನೋಡುವ ಹೆಣ್ಣು. ನೋಡಿಸಿಕೊಳ್ಳುವುದೇ ಅವಳ ಹೊಟ್ಟೆಪಾಡು. ನೋಡುವವರು ಆಕೆಯನ್ನು ಏನಂತ ಅಂದುಕೊಳ್ತಾರೆ ಅನ್ನೋದು ಅವಳಿಗೆ ಗೊತ್ತು, ಅದರಾಚೆ ತಾನು ಏನು ಅನ್ನೋದೂ ಗೊತ್ತು. ಈ ಪಾತ್ರಕ್ಕೆ ಆಗ ಆ ದೇಶದಲ್ಲಿ ಇನ್ಯಾರು ಹೊಂದುತ್ತಿದ್ದರು ಹೇಳಿ? ಮನಿಲಾ ಚಿತ್ರೋತ್ಸವದಲ್ಲಿ ಅದಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಫಿಲಿಪ್ಪೀನ್ಸ್ ತನ್ನ ಅಧಿಕೃತ ಪ್ರವೇಶವಾಗಿ ಅದನ್ನು ಆಸ್ಕರ್‌ಗೆ ಕಳಿಸಿತು, ನಾಮನಿರ್ದೇಶನ ಸಿಗಲಿಲ್ಲ. ಆದರೆ ಇವತ್ತಿಗೂ ಅಲ್ಲಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುವವರು ಇದನ್ನು ಬಿಡೋದಿಲ್ಲ. ನನ್ನನ್ನು ಕೇಳಿದರೆ ಗ್ಲೋರಿಯಾ ಅವರ ಕಿರೀಟಕ್ಕಿಂತ ತೂಕದ್ದು ಈ ಚಿತ್ರ.

ಆಮೇಲೆ 1980ರಲ್ಲಿ ಹಾಸ್ಯ ಚಿತ್ರ ಆಂದ್ರೆಸ್ ದೆ ಸಾಯಾ. ಸಾಯಾ ಅಂದರೆ ಲಂಗ. ಹೆಂಡತಿಯ ಲಂಗದ ಕೆಳಗೆ ಅಡಗಿಕೊಳ್ಳೋ ಗಂಡ ಅಂತ ಅರ್ಥ. ನಾವು ಅಮ್ಮಾವ್ರ ಗಂಡ ಅಂತೀವಲ್ಲ, ಅದೇ. ಮೊದಲ ಚಿತ್ರದಲ್ಲಿ ಜೊತೆಗಿದ್ದ ವಿಕ್ ವಾರ್ಗಾಸ್ ಇಲ್ಲಿ ಹೆದರುಪುಕ್ಕಲ ಗಂಡ, ಗ್ಲೋರಿಯಾ ಗಂಡನನ್ನು ಕುಣಿಸುವ ಹೆಂಡತಿ. ಆರೇ ವರ್ಷದ ಹಿಂದೆ ಪೋಸ್ಟರ್‌ನಲ್ಲಿ ಪ್ರಾಣಿಯಾಗಿದ್ದವರು ಈಗ ಥಿಯೇಟರ್ ತುಂಬಾ ನಗು ಉಕ್ಕಿಸುತ್ತಿದ್ದರು. ಚೆಲುವೆಗೆ ನಗಿಸೋಕೆ ಬರಲ್ಲ ಅನ್ನೋ ಮೂಢನಂಬಿಕೆ ಸಿನಿಮಾದವರಲ್ಲಿ ಬಹಳ. ಬಾಬ್ ಬಾರ್ಕರ್‌ಗೆ ಕೊಟ್ಟ ಉತ್ತರ ಅವರ್ಯಾರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ ಅಂತ ಕಾಣುತ್ತೆ.

ಸ್ವಲ್ಪ ನಿಲ್ಲಿ. ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋದರೆ ಅನ್ಯಾಯ ಆಗುತ್ತೆ. 1969ರಲ್ಲಿ ಗ್ಲೋರಿಯಾ ಗೆದ್ದ ಅದೇ ಬಿನಿಬಿನಿಂಗ್ ಪಿಲಿಪಿನಾಸ್ ವೇದಿಕೆಯ ಮೇಲೆ ರನ್ನರ್ ಅಪ್ ಆಗಿ ನಿಂತಿದ್ದ ಹುಡುಗಿ ನೆಲಿಯಾ ಸಾಂಚೊ. 1971ರಲ್ಲಿ ಆಕೆ ಕ್ವೀನ್ ಆಫ್ ದಿ ಪೆಸಿಫಿಕ್ ಅನ್ನುವ ಕಿರೀಟವನ್ನೂ ಗೆದ್ದರು. ಮುಂದೆ ಸಿನಿಮಾ, ಜಾಹೀರಾತು ಎಲ್ಲ ಕಾದಿತ್ತು. ಮಿಲಿಟರಿ ಕಾನೂನು ಬಂದಾಗ ನೆಲಿಯಾ ಭೂಗತರಾದರು. ಸರ್ಕಾರದ ವಿರುದ್ಧ ಹೋರಾಡುವವರ ಜೊತೆ ಸೇರಿದರು, ಸಿಕ್ಕಿಬಿದ್ದರು, ಜೈಲಿನಲ್ಲಿ ಕೊಳೆತರು. ಹೊರಗೆ ಬಂದವರು ಮಾಡಿದ ಕೆಲಸ ಏನು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೈನಿಕರು ಲೈಂಗಿಕ ಗುಲಾಮರನ್ನಾಗಿ ಮಾಡಿಕೊಂಡಿದ್ದ ಫಿಲಿಪ್ಪೀನಾ ಹೆಣ್ಣುಮಕ್ಕಳು, ಆಗಲೇ ಅಜ್ಜಿಯರಾಗಿದ್ದವರು, ಅವರನ್ನು ಹುಡುಕಿ, ಸೇರಿಸಿ, ನ್ಯಾಯಕ್ಕಾಗಿ ವರ್ಷಾನುಗಟ್ಟಲೆ ಓಡಾಡಿದರು. 2022ರಲ್ಲಿ ತೀರಿಕೊಂಡರು. ಹಾಗೆಯೇ ಮೈತಾ ಗೋಮೆಜ್. 1967ರಲ್ಲಿ ಮಿಸ್ ವರ್ಲ್ಡ್‌ಗೆ ಫಿಲಿಪ್ಪೀನ್ಸ್‌ನಿಂದ ಹೋದವರು, ಆಮೇಲೆ ಬಂದೂಕು ಹಿಡಿದು ಗುಡ್ಡಗಾಡಿಗೆ ಹೋದರು.

ಹಾಗಂತ ಗ್ಲೋರಿಯಾ ಕಡಿಮೆ, ಇವರು ಹೆಚ್ಚು ಅಂತ ನಾನು ತಕ್ಕಡಿ ಹಿಡೀತಿಲ್ಲ. ಹದಿನೆಂಟರ ಹುಡುಗಿಗೆ ಕಿರೀಟ ಇಟ್ಟ ಜನ ಅವಳು ಹೀಗೇ ಬದುಕಬೇಕು ಅಂತ ಒಂದು ಚಿತ್ರವನ್ನೂ ಬರೆದುಬಿಡ್ತಾರೆ. ಇಮೆಲ್ಡಾಗೆ ಕಿರೀಟ ಅರಮನೆಗೆ ಏಣಿಯಾಯಿತು. ನೆಲಿಯಾ ಅದನ್ನು ಬಿಟ್ಟು ನಡೆದರು. ಗ್ಲೋರಿಯಾ ಮೂರನೇ ದಾರಿ ಹಿಡಿದರು: ಅದನ್ನು ಇಟ್ಟುಕೊಂಡೇ ಕೆಲಸ ಕಲಿತರು. ಇದು ಸುದ್ದಿಯಾಗುವ ದಾರಿ ಅಲ್ಲ. ದಿನಾ ಬೆಳಗ್ಗೆ ಎದ್ದು ಶೂಟಿಂಗ್‌ಗೆ ಹೋಗುವ ದಾರಿ.

ಈಗ ಆ ಕಷ್ಟಕ್ಕೆ ಸಿಕ್ಕಿದ ಪ್ರಸಂಗ. 2010ರಲ್ಲಿ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಹೋಗಿದ್ದ ವೀನಸ್ ರಾಜ್ ಅನ್ನುವ ಫಿಲಿಪ್ಪೀನಾ ಹುಡುಗಿ ಕೊನೆಯ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಉತ್ತರಿಸುವಾಗ ತನ್ನ ಬದುಕಿನಲ್ಲಿ ಮೇಜರ್ ಮೇಜರ್ ತಪ್ಪು ಏನೂ ಆಗಿಲ್ಲ ಅಂದುಬಿಟ್ಟಳು. ದೇಶವಿಡೀ ಅದೇ ತಮಾಷೆ. ನಮ್ಮವರು ಸ್ವಂತ ಭಾಷೆಯಲ್ಲಿ ಉತ್ತರಿಸಲಿ, ಅನುವಾದಕರು ಇರ್ತಾರಲ್ಲ ಅನ್ನೋದು ಗ್ಲೋರಿಯಾ ಅವರ ಅಭಿಪ್ರಾಯ. ಅದನ್ನು ಹೇಳುವ ಭರದಲ್ಲಿ ಸೆಬು ಭಾಗದವರಿಗೆ ಇಂಗ್ಲಿಷ್ ಆಗಲಿ ಟಗಲಾಗ್ ಆಗಲಿ ಸರಿಯಾಗಿ ಬರಲ್ಲ ಅನ್ನುವ ಅರ್ಥದ ಮಾತಾಡಿದರು. ಸೆಬುವಿನವರು ಕೆಂಡವಾದರು. ಈಕೆ ನಮ್ಮ ನೆಲಕ್ಕೆ ಬೇಡದ ವ್ಯಕ್ತಿ ಅಂತ ಘೋಷಣೆ ಮಾಡುವ ತನಕ ಹೋಯಿತು. ತಾನು ಹೇಳಿದ್ದು ಅವಮಾನ ಮಾಡೋಕಲ್ಲ ಅಂತ ಗ್ಲೋರಿಯಾ ಸಮಜಾಯಿಷಿ ಕೊಟ್ಟರು.

ಸೆಬುವಾನೋ ಕೋಟ್ಯಂತರ ಜನರ ಭಾಷೆ. ರಾಜಧಾನಿಯ ಭಾಷೆ ಬರದಿದ್ದರೆ ನೀನು ದಡ್ಡ ಅನ್ನುವ ಧಾಟಿ ಯಾರ ಬಾಯಲ್ಲಿ ಬಂದರೂ ಚುಚ್ಚುತ್ತೆ. ದೆಹಲಿಯ ಕೌಂಟರ್ ಮುಂದೆ ನಿಂತ ಕನ್ನಡಿಗನಿಗೆ ಇದು ಗೊತ್ತು. ಹಾಗಾಗಿ ಸೆಬುವಿನವರ ಸಿಟ್ಟು ನ್ಯಾಯವಾದದ್ದೇ. ಆದರೆ ಮೊದಲರ್ಧದ ಮಾತು? ಅದರಲ್ಲಿ ಏನು ತಪ್ಪಿದೆ? ಲ್ಯಾಟಿನ್ ಅಮೆರಿಕದ ಹುಡುಗಿಯರು ಆರಾಮಾಗಿ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟು ಕಿರೀಟ ಗೆದ್ದು ಹೋಗ್ತಾರೆ. ಆಳಿದವರ ಇಂಗ್ಲಿಷ್‌ನಲ್ಲೇ ನಾನು ಬುದ್ಧಿವಂತೆ ಅಂತ ತೋರಿಸಬೇಕು ಅನ್ನುವ ಭಾರ ಹೊರೋದು ಫಿಲಿಪ್ಪೀನ್ಸ್ ಮತ್ತು ನಮ್ಮಂಥ ದೇಶದ ಹುಡುಗಿಯರು. 1994ರಲ್ಲಿ ಸುಷ್ಮಿತಾ ಸೇನ್ ಗೆದ್ದದ್ದು ಇದೇ ಮನಿಲಾದಲ್ಲಿ, ನೆನಪಿದೆಯಾ? ಅವತ್ತು ಆ ಉತ್ತರ ಹಿಂದಿಯಲ್ಲೋ ಬಂಗಾಳಿಯಲ್ಲೋ ಬಂದಿದ್ದರೆ ನಾವು ಅಷ್ಟೇ ಹೆಮ್ಮೆ ಪಡ್ತಿದ್ದೆವಾ? ನನಗೇನೋ ಅನುಮಾನ.

ಮನೆ ವಿಷಯ ಎರಡೇ ಮಾತು. ತಂಗಿ ರಿಯೋ ಡಿಯಾಜ್ ಅಲ್ಲಿನ ಜನಪ್ರಿಯ ಟಿವಿ ಮುಖವಾಗಿದ್ದರು, 2004ರಲ್ಲಿ ಕ್ಯಾನ್ಸರ್‌ಗೆ ತುತ್ತಾದರು. ಮಗಳು ಇಸಬೆಲ್ ದಾಜಾ ನಟಿ. ಗ್ಲೋರಿಯಾ ಸ್ವತಃ ವಯಸ್ಸಾದ ಹಾಗೆ ಧಾರಾವಾಹಿಗಳಲ್ಲಿ ಗತ್ತಿನ ಅಮ್ಮ, ಅಜ್ಜಿ, ಸಿರಿವಂತ ಯಜಮಾನಿ ಆದರು. ನಮ್ಮಲ್ಲಿ ನಾಯಕಿಗೆ ಮೂವತ್ತೈದು ದಾಟಿದರೆ ಅತ್ತಿಗೆ, ನಲವತ್ತಕ್ಕೆ ಅತ್ತೆ, ಆಮೇಲೆ ಗೋಡೆ ಮೇಲಿನ ಹಾರ ಹಾಕಿದ ಫೋಟೋ. ಅಲ್ಲೂ ದೊಡ್ಡ ವ್ಯತ್ಯಾಸ ಇಲ್ಲ.

ಅದಕ್ಕೇ 2017ರ ಒಂದು ಸಣ್ಣ ಚಿತ್ರದ ಬಗ್ಗೆ ಹೇಳಲೇಬೇಕು. ಸಿ ಚೆಡೆಂಗ್ ಅಟ್ ಸಿ ಆಪಲ್. ಅಂದರೆ ಚೆಡೆಂಗ್ ಮತ್ತು ಆಪಲ್, ಇಬ್ಬರು ವಯಸ್ಸಾದ ಗೆಳತಿಯರು. ನಿರ್ದೇಶಿಸಿದ್ದು ಫ್ಯಾಟ್ರಿಕ್ ತಬಾದಾ ಮತ್ತು ರೇ ರೆಡ್ ಅನ್ನುವ ಇಬ್ಬರು ಯುವಕ ಯುವತಿ. ಚೆಡೆಂಗ್ ಆಗಿ ಗ್ಲೋರಿಯಾ ಡಿಯಾಜ್. ಆಪಲ್ ಆಗಿ ಎಲಿಜಬೆತ್ ಒರೊಪೆಸಾ. ಈ ಒರೊಪೆಸಾ ಕೂಡ ಸೌಂದರ್ಯ ಸ್ಪರ್ಧೆಯಿಂದ ಬಂದವರೇ, 1974ರ ಆ ಪ್ರಾಣಿ ಚಿತ್ರದಲ್ಲಿ ಗ್ಲೋರಿಯಾ ಜೊತೆಗಿದ್ದವರೇ. ನಲವತ್ತು ವರ್ಷ ದಾಟಿದ ಮೇಲೆ ಇಬ್ಬರೂ ಮತ್ತೆ ಒಂದೇ ಫ್ರೇಮ್‌ನಲ್ಲಿ.

ಕಥೆ ಕೇಳಿ. ಗಂಡ ಸತ್ತ ಮೇಲೆ ಚೆಡೆಂಗ್ ಮನೆಯವರ ಮುಂದೆ ಬಾಯಿಬಿಟ್ಟು ಹೇಳ್ತಾಳೆ: ನನ್ನ ಮನಸ್ಸು ಯಾವತ್ತೂ ಇದ್ದದ್ದು ಒಬ್ಬ ಹೆಣ್ಣಿನ ಮೇಲೆ ಅಂತ. ಅತ್ತ ಆಪಲ್, ಜೀವಮಾನವಿಡೀ ಹೊಡೆದು ಬಡಿದು ಮಾಡಿದ ಗಂಡಸನ್ನು ಕೊಂದೇಬಿಟ್ಟಿರ್ತಾಳೆ. ಚೆಡೆಂಗ್‌ನ ಮೊದಲ ಪ್ರೀತಿಯನ್ನು ಹುಡುಕಿಕೊಂಡು ಇಬ್ಬರೂ ಪ್ರಯಾಣ ಹೊರಡ್ತಾರೆ. ಕೈಯಲ್ಲೊಂದು ಬ್ಯಾಗು. ಬ್ಯಾಗಿನೊಳಗೆ ಆ ಗಂಡಸಿನ ತಲೆ. ಇದು ಹಾಸ್ಯ ಚಿತ್ರ ಅಂದರೆ ನಂಬ್ತೀರಾ? ಹಾಸ್ಯ ಚಿತ್ರವೇ, ನಗು ಬರುತ್ತೆ. ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವ ಹಾಗೂ ಆಗುತ್ತೆ. ಬಣ್ಣ ಬಳಿದು ವಯಸ್ಸು ಮುಚ್ಚೋ ಪ್ರಯತ್ನ ಗ್ಲೋರಿಯಾ ಮಾಡಿಲ್ಲ. ಮುಖದ ಮೇಲಿನ ಒಂದೊಂದು ಗೆರೆಯೂ ಪಾತ್ರದ ಕೆಲಸಕ್ಕೆ ಬಂದಿದೆ.

ಅಂದ ಹಾಗೆ, ಆ ಇಬ್ಬರು ಹೆಂಗಸರು ಬ್ಯಾಗ್ ಹಿಡಿದುಕೊಂಡು ಹೋಗುವ ಊರು ಯಾವುದು ಅಂತೀರಾ? ಸೆಬು.